ಅಡಿವೆಪ್ಪನ ಮುತ್ತಜ್ಜನ ರೈಫಲ್ಲು

ಬೆಳಗಾವಿ ಕಡೆಯ ಅಡಿವೆಪ್ಪ ಲಂಡನ್ನಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಹೌನ್ಸ್ಲೋದಲ್ಲಿ ಸ್ವಂತ ಮನೆ, ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕಾಯಂ ನೌಕರಿ, ಕೆಲಸಕ್ಕೆ ಸೇರಿದ ಮಗ ರೋಹನ, ಇವರಿಬ್ಬರನ್ನೂ ಹದ್ದುಬಸ್ತಿನಲ್ಲಿಟ್ಟ ಹೆಂಡತಿ ನೀಲವ್ವ. ಯಾವುದಕ್ಕೂ ಕೊರತೆ ಇರಲಿಲ್ಲ. ಕೊರತೆ ಶುರುವಾದದ್ದು ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ನಾಲ್ಕಕ್ಕೆ, ಅಕ್ಸ್‌ಬ್ರಿಡ್ಜಿನ ಡಾಕ್ಟರ್ ರಾಮಪ್ರಸಾದರ ಮನೆಯ ಸೋಫಾದ ಮೇಲೆ.

ರಾಮಪ್ರಸಾದರು ಮೈಸೂರಿನವರು, ಮೂಳೆ ಡಾಕ್ಟರು. ಅವರ ಮಗಳು ಪ್ರಾಚಿಯೂ ರೋಹನನೂ ಎರಡು ವರ್ಷದಿಂದ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಹಿರಿಯರು ಭೇಟಿಯಾಗುವುದೊಂದು ಬಾಕಿ ಇತ್ತು. ಭೇಟಿಯೇನೋ ಸುಸೂತ್ರವಾಗಿ ನಡೆದಿತ್ತು. ಆದರೆ ಅಡಿವೆಪ್ಪನ ಕಿವಿ ಒಂದೇ ಒಂದು ಮಾತಿಗೆ ಕಾದು ಕುಳಿತಿತ್ತು. ಅವನು ಬಾಗಿಲಲ್ಲೇ ಕೈಮುಗಿದು "ನಮಸ್ಕಾರ್ರೀ ಬೀಗರ" ಅಂದಿದ್ದ. ಡಾಕ್ಟರು "ಬನ್ನಿ ಮಿಸ್ಟರ್ ಅಡಿವೆಪ್ಪ" ಅಂದರು. ಕುಳಿತ ಮೇಲೆ "ಮನಿ ಛಲೋ ಕಟ್ಟಿಸೀರಿ ಬೀಗರ" ಅಂದ. ಡಾಕ್ಟರು "ಬಿಸ್ಕತ್ತು ತಗೊಳ್ಳಿ" ಅಂದರು. ಹೀಗೆ ಅವನು ಮೂರು ಸಲ ಬೀಗರೆಂದು ಕರೆದು ಅಷ್ಟೇ ಬಿಸ್ಕತ್ತು ತಿಂದ.

"ನೀವು ಏರ್‌ಪೋರ್ಟಲ್ಲಿ ಏನು ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು.

"ಆಪರೇಷನ್ಸ್ ರೀ" ಎಂದ ಅಡಿವೆಪ್ಪ. ಇದು ಸುಳ್ಳಲ್ಲ. ಪ್ರಯಾಣಿಕರ ಪೆಟ್ಟಿಗೆಗಳನ್ನು ವಿಮಾನದ ಹೊಟ್ಟೆಗೆ ತುಂಬುವುದು ಮತ್ತು ತೆಗೆಯುವುದು ಆಪರೇಷನ್ನೇ.

ಆಗ ಡಾಕ್ಟರು ಗೋಡೆಗೆ ಒರಗಿಸಿದ್ದ ಬೆಳ್ಳಿ ಹಿಡಿಯ ಊರುಗೋಲನ್ನು ಕೈಗೆತ್ತಿಕೊಂಡರು. ಅದು ಅವರ ಮುತ್ತಜ್ಜನಿಗೆ ಅರಮನೆಯಿಂದ ಬಂದದ್ದು. ಮುತ್ತಜ್ಜ ಅರಮನೆಯಲ್ಲಿ ಏನಾಗಿದ್ದರು, ಯಾವ ದರ್ಬಾರಿನಲ್ಲಿ ಎಷ್ಟನೇ ಸಾಲಿನಲ್ಲಿ ಕೂರುತ್ತಿದ್ದರು, ಎಲ್ಲವನ್ನೂ ವಿವರಿಸಿದರು. ಅವರ ಹೆಂಡತಿ ಶ್ರೀಲತಾ ಈ ಕಥೆಯನ್ನು ಮೂವತ್ತು ವರ್ಷದಿಂದ ಕೇಳಿದ ಹೆಂಗಸಿನ ಮುಖದಲ್ಲಿ ಕಾಫಿ ತಂದಿಟ್ಟರು. ಊರುಗೋಲು ಕೈಯಿಂದ ಕೈಗೆ ದಾಟಿ ಅಡಿವೆಪ್ಪನಲ್ಲಿಗೆ ಬಂತು. ಅವನು ಅದನ್ನು ಹಿಡಿದು, ತೂಗಿ ನೋಡಿ, ವಾಪಸು ಕೊಡುತ್ತಾ ಹೇಳಿಬಿಟ್ಟ:

"ನಮ್ಮನ್ಯಾಗೂ ಒಂದು ಬಂದೂಕ ಐತ್ರಿ. ಮುತ್ತಜ್ಜನದು. ಕಿತ್ತೂರ ಯುದ್ಧದಾಗ ಹಿಡಿದಿದ್ದು."

ಈ ಮಾತು ಯಾರಾಡಿದರೆಂದು ನೋಡಲು ರೋಹನ ತಿರುಗಿದ. ನೀಲವ್ವ ತಿರುಗಿದಳು. ಅಡಿವೆಪ್ಪನೂ ಒಂದು ಸಲ ಪಕ್ಕಕ್ಕೆ ತಿರುಗಿ ನೋಡಿದ.

ಡಾಕ್ಟರ ಕಣ್ಣು ಅರಳಿದವು. ಅಡಿವೆಪ್ಪನ ದುರದೃಷ್ಟಕ್ಕೆ ಅವರು ಮೂಳೆಯ ನಂತರ ಇತಿಹಾಸವನ್ನೇ ಪ್ರೀತಿಸುವವರು. "ಕಿತ್ತೂರು ಯುದ್ಧದ್ದಾ! ಹಾಗಾದ್ರೆ ಫ್ಲಿಂಟ್‌ಲಾಕ್ ಇರ್ಬೇಕು. ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸೋದು, ಅಲ್ವಾ? ಮಸ್ಕೆಟ್ಟೋ, ರೈಫಲ್ಲೋ?"

ಎರಡಕ್ಕೂ ವ್ಯತ್ಯಾಸವೇನೆಂದು ಅಡಿವೆಪ್ಪನಿಗೆ ಗೊತ್ತಿರಲಿಲ್ಲ. ರೈಫಲ್ ಎಂಬ ಮಾತಿನಲ್ಲಿ ಗತ್ತು ಹೆಚ್ಚೆನಿಸಿತು. "ರೈಫಲ್ ರೀ" ಎಂದ.

"ರೈಫಲ್ಲಾ! ಆ ಕಾಲದಲ್ಲಿ, ನಮ್ಮವರ ಕೈಯಲ್ಲಿ!" ಡಾಕ್ಟರು ಎದ್ದು ನಿಂತರು. "ಆಯುಧ ಪೂಜೆಗೆ ನಿಮ್ಮ ಮನೆಗೇ ಬರ್ತೀವಿ ಮಿಸ್ಟರ್ ಅಡಿವೆಪ್ಪ. ಅದನ್ನ ನೋಡ್ಲೇಬೇಕು."

ವಾಪಸು ಬರುವಾಗ ಕಾರಿನಲ್ಲಿ ರೋಹನ, "ಡ್ಯಾಡ್, ವಾಟ್ ಗನ್?" ಎಂದ. ನೀಲವ್ವ ಹಿಂದಿನ ಸೀಟಿನಿಂದ, "ಗನ್ನ ಹೋಗ್ಲಿ, ಮುತ್ತಜ್ಜನ ಹೆಸರರ ಗೊತ್ತೈತೇನ್ರಿ ನಿಮಗ?" ಎಂದು ಕೇಳಿದಳು.

ಆಯುಧ ಪೂಜೆಗೆ ಎರಡೂವರೆ ವಾರವಿತ್ತು. ಪಂಚಾಂಗದ ಪ್ರಕಾರ ಅದು ವಾರದ ನಡುವೆ ಬಂದಿತ್ತು. ಆದರೆ ಲಂಡನ್ನಿನಲ್ಲಿ ನವಮಿ ಯಾವಾಗಲೂ ಶನಿವಾರವೇ ಬರುತ್ತದೆ. ಹಾಗಾಗಿ ಅಡಿವೆಪ್ಪನಿಗೆ ಮೂರು ದಿನ ಹೆಚ್ಚಿಗೆ ಸಿಕ್ಕಿತು.

ರಜೆ ಹಾಕಿ ಮೊದಲು ಸೆಂಟ್ರಲ್ ಲಂಡನ್ನಿನ ಹಳೆಯ ಆಯುಧಗಳ ಅಂಗಡಿಯೊಂದಕ್ಕೆ ಹೋದ. ವೇಸ್ಟ್‌ಕೋಟು ತೊಟ್ಟ ಮನುಷ್ಯ ಬಿಳಿ ಕೈಗವಸು ಹಾಕಿಕೊಂಡು ಒಂದು ಬಂದೂಕನ್ನು ಹಸುಗೂಸಿನಂತೆ ಎತ್ತಿ ತಂದ. ಇನ್ನೂರು ವರ್ಷ ಹಳೆಯ ಅಸಲಿ ಚಕಮಕಿ ರೈಫಲ್ಲು. ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಕೊರೆದ ಗೆರೆಗಳಿದ್ದರೆ ರೈಫಲ್ಲು, ನುಣ್ಣಗಿದ್ದರೆ ಮಸ್ಕೆಟ್ಟು ಎಂದು ಅವನಿಂದಲೇ ತಿಳಿಯಿತು. ಬೆಲೆ ಆರು ಸಾವಿರ ಪೌಂಡು ಎಂದೂ ತಿಳಿಯಿತು. "ಒಂದು ದಿನದ ಬಾಡಿಗೆಗೆ ಸಿಗುತ್ತದೆಯೇ?" ಎಂದು ಅಡಿವೆಪ್ಪ ಕೇಳಿದ. ಆ ಮನುಷ್ಯ ಬಂದೂಕನ್ನು ಒಳಗೆ ಮಲಗಿಸಿ ಬಂದ.

ಆ ಗೆರೆಗಳ ಮೇಲೆ ಅಡಿವೆಪ್ಪನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಸ್ಕೆಟ್ ಎಂದಿದ್ದರೆ ಆಗುತ್ತಿತ್ತು.

ಎರಡನೆಯ ಶನಿವಾರ ಟ್ವಿಕನ್‌ಹ್ಯಾಮಿನಲ್ಲಿ ಪರ್ಕಿನ್ಸ್ ಎಂಬ ಮುದುಕನ ಪತ್ತೆಯಾಯಿತು. ಮನೆ ಹಿಂದಿನ ಶೆಡ್ಡಿನಲ್ಲಿ ಹಳೆಯ ಕತ್ತಿ ಬಂದೂಕು ಮಾರುವ ಪ್ರಾಮಾಣಿಕ ಮುದುಕ. ಅವನಿಗೆ ಅಡಿವೆಪ್ಪ ತನ್ನ ಬೇಡಿಕೆ ಒಪ್ಪಿಸಿದ: ಅಗ್ಗವಾಗಿರಬೇಕು, ಅಸಲಿಯಾಗಿರಬೇಕು, ರೈಫಲ್ಲೇ ಆಗಿರಬೇಕು.

ಪರ್ಕಿನ್ಸ್ ಬಹಳ ಹೊತ್ತು ಅವನ ಮುಖ ನೋಡಿದ. "ಹೊಸದಾಗಿ ಮಾಡಿದ ನಕಲು ಬೇಕೇ? ನೋಡಲು ಹಳೆಯದರಂತೆಯೇ ಇರುತ್ತದೆ."

"ಎಲ್ಲಿ ಮಾಡಿದ್ದು?"

"ಇಂಡಿಯಾದಲ್ಲಿ."

ಅಡಿವೆಪ್ಪ ಮುತ್ತಜ್ಜನ ಮರ್ಯಾದೆಗಾಗಿ ಅದನ್ನು ನಿರಾಕರಿಸಿದ. ಆಗ ಮುದುಕ ಮೂಲೆಯಿಂದ ಒಂದು ಕರಿ ಬಂದೂಕು ಎಳೆದ. ಇದರ ನಳಿಗೆ ಒಂದು ರೈಫಲ್ಲಿನದು, ಕಿಡಿ ಹಾರಿಸುವ ಕುದುರೆ ಮತ್ತು ಚಕಮಕಿಯ ಭಾಗ ಇನ್ನೊಂದರದು, ಮರದ ಹಿಡಿ ಮತ್ತೊಂದರದು. ಮೂರೂ ಅಸಲಿ, ಮೂರಕ್ಕೂ ಇನ್ನೂರು ವರ್ಷ. ಒಂದಕ್ಕೊಂದು ಪರಿಚಯ ಮಾತ್ರ ಇತ್ತೀಚಿನದು. ಐನೂರು ಪೌಂಡು. ಅಡಿವೆಪ್ಪ ಮುಕ್ಕಾಲು ಗಂಟೆ ಚೌಕಾಶಿ ಮಾಡಿದ. ಸೌತ್‌ಹಾಲಿನಲ್ಲಿ ಬದನೆಕಾಯಿ ಕೊಳ್ಳುವಾಗ ಮಾಡುವಂತೆ ಎರಡು ಸಲ ಹೊರಟು ಹೋಗಿ ವಾಪಸು ಬಂದ. ಪರ್ಕಿನ್ಸ್ ಬೇಸತ್ತು ರಸೀದಿಯಲ್ಲಿ ಬರೆದಿದ್ದ ಐನೂರನ್ನು ಹೊಡೆದು ನಾನೂರೈವತ್ತು ಮಾಡಿದ.

"ಅಲಂಕಾರಕ್ಕಷ್ಟೇ ಇಟ್ಟುಕೊಳ್ಳುವುದಾದರೆ ಇದಕ್ಕೆ ಲೈಸೆನ್ಸು ಬೇಡ" ಎಂದ ಮುದುಕ. "ಪೊಲೀಸರು ಕೇಳಿದರೆ ಈ ರಸೀದಿ ತೋರಿಸು, ಸಾಕು. ಇನ್ನೊಂದು ಮಾತು. ಇದನ್ನು ಯಾವ ಕಾರಣಕ್ಕೂ ತೊಳೆಯಬೇಡ. ಈ ಕೊಳೆಯೇ ಇದರ ವಯಸ್ಸಿಗೆ ಸಾಕ್ಷಿ."

ಬಂದೂಕನ್ನು ಕೌದಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಅಡಿವೆಪ್ಪ ಹೌನ್ಸ್ಲೋ ಬಸ್ಸು ಹತ್ತಿದ. ಪಕ್ಕದ ಸೀಟಿನ ಮುದುಕಿ ಆ ಉದ್ದನೆಯ ಗಂಟನ್ನು ನೋಡಿ, "ಮೀನು ಹಿಡಿಯಲು ಹೋಗಿದ್ದಿರಾ?" ಎಂದಳು. ಹೌದೆಂದ. "ಏನಾದರೂ ಸಿಕ್ಕಿತೇ?" ಎಂದಳು. "ಒಂದು ಸಿಕ್ಕಿತು. ಹಳೆಯದು" ಎಂದ ಅಡಿವೆಪ್ಪ.

ಶುಕ್ರವಾರ ಕೆಲಸ ಮುಗಿಸಿ ಮನೆಗೆ ಬಂದಾಗ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಏನೋ ಥಳಥಳ ಹೊಳೆಯುತ್ತಾ ತೂಗುತ್ತಿತ್ತು. ಒಂದು ಕಡೆ ರೋಹನನ ಶರ್ಟು, ಇನ್ನೊಂದು ಕಡೆ ಅಡಿವೆಪ್ಪನ ಬನಿಯನ್ನು, ನಡುವೆ ಮುತ್ತಜ್ಜನ ರೈಫಲ್ಲು.

"ನೀಲಾ! ಏನ್ ಮಾಡೀದಿ ಇದಕ್ಕ?"

"ತೊಳದೀನ್ರಿ. ನಾಳೆ ಪೂಜಿಗೆ ಇಡೂದು, ಹಂಗ ಕಿಲಬ ಹಿಡಿದಿದ್ದು ಇಡ್ತಾರೇನು? ಹುಣಸಿಹಣ್ಣು, ಬೂದಿ ಹಚ್ಚಿ ಎರಡು ತಾಸ ತಿಕ್ಕೀನಿ. ನನ್ನ ರಟ್ಟಿ ಬಿದ್ದು ಹೋದಾವ."

ಇನ್ನೂರು ವರ್ಷದ ಸಾಕ್ಷಿ ಮೋರಿಯಲ್ಲಿ ಹರಿದುಹೋಗಿತ್ತು. ಬಂದೂಕು ನಿನ್ನೆ ತಂದ ಕುಕ್ಕರಿನಂತೆ ಕಾಣುತ್ತಿತ್ತು. ಅಡಿವೆಪ್ಪ ಅದನ್ನು ಹಗ್ಗದಿಂದ ಬಿಚ್ಚಿಕೊಂಡು ಒಳಗೆ ಹೋದ.

ಶನಿವಾರ ಬೆಳಿಗ್ಗೆ ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಿತ್ತಲಿನಲ್ಲಿ ಬಂದೂಕು ಹಿಡಿದು ಕಥೆಯನ್ನು ಉರುಹಚ್ಚಿದ. ಮುತ್ತಜ್ಜ ಮಲಪ್ರಭಾ ದಂಡೆಯಲ್ಲಿ ಹೇಗೆ ನಿಂತ, ಹೇಗೆ ಗುರಿ ಹಿಡಿದ. ಡಂ ಎಂದು ತಾನೇ ಅಂದು, ತಾನೇ ಬೆಚ್ಚಿ, ಆಮೇಲೆ ವೀರಮರಣವನ್ನೂ ಒಮ್ಮೆ ಅಭ್ಯಾಸ ಮಾಡಿ ಹುಲ್ಲಿನ ಮೇಲೆ ಒರಗಿದ. ಬೇಲಿಯಾಚೆ ಮಾರ್ಗರೆಟ್ ಎಂಬ ಒಳ್ಳೆಯ ನೆರೆಯಾಕೆ ಕಸದ ಡಬ್ಬಿ ಇಡಲು ಬಂದವಳು ಇದೆಲ್ಲವನ್ನೂ ನೋಡಿ, ಡಬ್ಬಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಅಡಿವೆಪ್ಪ ಇದನ್ನು ಗಮನಿಸಲಿಲ್ಲ, ಆಗ ಸತ್ತಿದ್ದನಾದ್ದರಿಂದ.

ಹನ್ನೊಂದಕ್ಕೆ ಬೆಳ್ಳಿ ಹಿಡಿಯ ಊರುಗೋಲು ಹಿಡಿದ ಡಾಕ್ಟರು, ಶ್ರೀಲತಾ, ಪ್ರಾಚಿ ಬಂದರು. ನಡುಮನೆಯಲ್ಲಿ ಪೂಜೆಯ ಸಾಲು ಸಿದ್ಧವಾಗಿತ್ತು. ನೀಲವ್ವನ ಪೂಜೆಯೆಂದರೆ ಮನೆಯ ಯಾವ ಸಾಮಾನೂ ತಪ್ಪಿಸಿಕೊಳ್ಳುವಂತಿಲ್ಲ. ಹೊಲಿಗೆ ಯಂತ್ರ, ಮಿಕ್ಸರು, ರೋಹನನ ಲ್ಯಾಪ್‌ಟಾಪು, ಈಳಿಗೆ, ಕಾರಿನ ಕೀಲಿ. ಪಕ್ಕದ ಹಿತ್ತಾಳೆ ತಟ್ಟೆಯಲ್ಲಿ ಕಾರಿನ ಕಾಗದ, ಇನ್ಶೂರೆನ್ಸು, ಬಾಯ್ಲರಿನ ಗ್ಯಾರಂಟಿ, ಒಂದೊಂದಕ್ಕೂ ಅರಿಶಿನ ಕುಂಕುಮ. ಸಾಲಿನ ಮೊದಲಿಗೆ ಅವಳು ಅಡಿವೆಪ್ಪನ ಕೆಲಸದ ಕೈಗವಸುಗಳನ್ನೂ ಇಟ್ಟು ಕುಂಕುಮ ಹಚ್ಚಿದ್ದಳು. ರಬ್ಬರಿನ ಅಂಗೈಯ, ಸವೆದ, ಕರಿ ಹಿಡಿದ ಕೈಗವಸುಗಳು. ಬೀಗರ ಕಾರು ಬಾಗಿಲಿಗೆ ಬಂದ ಸದ್ದು ಕೇಳಿದ್ದೇ ಅಡಿವೆಪ್ಪ ಅವನ್ನು ಕಾಲಿನಿಂದ ಸೋಫಾದ ಕೆಳಗೆ ತಳ್ಳಿ, ಆ ಜಾಗದಲ್ಲಿ ರೈಫಲ್ಲನ್ನು ಇಟ್ಟಿದ್ದ.

ಡಾಕ್ಟರು ಪೂಜೆ ಮುಗಿಯುವವರೆಗೂ ತಾಳಲಿಲ್ಲ. ಮಂಡಿಯೂರಿ ಕುಳಿತು ಕನ್ನಡಕ ಏರಿಸಿದರು. "ಭಾಳ ಚೆನ್ನಾಗಿ ಇಟ್ಟಿದೀರಿ. ಹೊಸದರ ಹಾಗಿದೆ!"

"ದಿನಾ ಒರಸ್ತೀವ್ರಿ" ಎಂದ ಅಡಿವೆಪ್ಪ.

ಡಾಕ್ಟರು ಬಗ್ಗಿ ಇನ್ನೂ ಹತ್ತಿರದಿಂದ ನೋಡಿದರು. ಹುಣಸೆಹಣ್ಣು ಕೊಳೆ ತೆಗೆದ ಜಾಗದಲ್ಲಿ, ಕುದುರೆಯ ಪಕ್ಕದ ಕಬ್ಬಿಣದ ಮೇಲೆ, ಒಂದು ಪುಟ್ಟ ಸಿಂಹ ಎರಡು ಕಾಲಿನ ಮೇಲೆ ನಿಂತು ಕಿರೀಟ ಹಿಡಿದುಕೊಂಡಿತ್ತು. ಪರ್ಕಿನ್ಸನಿಗೂ ಕಾಣದಿದ್ದ ಸಿಂಹ. "ಮಿಸ್ಟರ್ ಅಡಿವೆಪ್ಪ," ಡಾಕ್ಟರ ದನಿ ತಗ್ಗಿತು, "ಇದು ಈಸ್ಟ್ ಇಂಡಿಯಾ ಕಂಪನಿ ಮುದ್ರೆ. ನಿಮ್ಮ ಮುತ್ತಜ್ಜ ಕಂಪನಿ ಕಡೆ ಇದ್ರಾ?"

ಕೋಣೆಯಲ್ಲಿ ಮಿಕ್ಸರು ಕೂಡ ಕಿವಿಗೊಟ್ಟಂತಿತ್ತು. ಮಗನ ಮದುವೆ ತಕ್ಕಡಿಯ ಒಂದು ತಟ್ಟೆಯಲ್ಲಿ, ದೇಶದ್ರೋಹಿ ಮುತ್ತಜ್ಜ ಇನ್ನೊಂದರಲ್ಲಿ. ಅಡಿವೆಪ್ಪ ಹಣೆಯ ಬೆವರನ್ನು ವಿಭೂತಿಯ ಸಮೇತ ಒರೆಸಿಕೊಂಡ.

"ಕಸಗೊಂಡಿದ್ದು ರೀ!" ಎಂದು ಕೂಗಿದ. "ಕಂಪನಿಯವ್ನ ಕೈಯಾಗಿಂದ ಕಸಗೊಂಡಿದ್ದು!"

"ಹಾಗನ್ನಿ ಮತ್ತೆ!" ಡಾಕ್ಟರು ಕುಣಿದಾಡುವುದೊಂದು ಬಾಕಿ. ಅಲ್ಲಿಂದಲೇ ಕನ್ನಡ ಕೂಟದ ಕಾರ್ಯದರ್ಶಿ ಶ್ರೀರಂಗನಿಗೆ ಫೋನು ಹಚ್ಚಿದರು. "ಶ್ರೀರಂಗ, ರಾಜ್ಯೋತ್ಸವಕ್ಕೆ ಒಂದು ಗಾಜಿನ ಪೆಟ್ಟಿಗೆ ರೆಡಿ ಮಾಡಿಸು. ಕಂಪನಿಯಿಂದ ಕಸಿದುಕೊಂಡ ರೈಫಲ್ ಸಿಕ್ಕಿದೆ! ಮುನ್ನೂರು ಜನರ ಮುಂದೆ ಮಿಸ್ಟರ್ ಅಡಿವೆಪ್ಪ ಅದರ ಕಥೆ ಹೇಳ್ತಾರೆ."

ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

ಇಬ್ಬರು ಪೊಲೀಸರು. ಒಬ್ಬಳು ನಡುವಯಸ್ಸಿನ ಹೆಂಗಸು, ಇನ್ನೊಬ್ಬ ಎತ್ತರದ ಹುಡುಗ. ಅವರ ಹಿಂದೆ ಮಾರ್ಗರೆಟ್, ಕಣ್ಣಲ್ಲಿ ನೀರು ತುಂಬಿಕೊಂಡು, "ಆಡಿ, ಜೀವನ ಬಹಳ ದೊಡ್ಡದು, ದುಡುಕಬೇಡ" ಎಂದಳು. ಹೆಂಗಸು ಬಹಳ ಮೃದುವಾಗಿ ಅಡಿವೆಪ್ಪನ ತೋಳು ಮುಟ್ಟಿ, "ಸರ್, ಈಗ ಹೇಗನ್ನಿಸುತ್ತಿದೆ? ಮನೆಯಲ್ಲಿ ಏನಾದರೂ ತೊಂದರೆಯೇ?" ಎಂದು ಕೇಳಿದಳು. ಹುಡುಗನ ಕಣ್ಣು ಮಾತ್ರ ಚೆಂಡು ಹೂವಿನ ಹಾರ ಹಾಕಿಕೊಂಡು ಮಲಗಿದ ರೈಫಲ್ಲಿನ ಮೇಲಿತ್ತು.

ಡಾಕ್ಟರು ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದರು. ಆಯುಧ ಪೂಜೆ, ಕಿತ್ತೂರು, ಮುತ್ತಜ್ಜ. ಅವರು ವಿವರಿಸಿದಷ್ಟೂ ಅಡಿವೆಪ್ಪನ ಮುಖ ಬಿಳುಪೇರಿತು.

"ಹಾಗಾದರೆ ಇದು ಇಂಡಿಯಾದಿಂದ ಬಂದದ್ದು" ಎಂದಳು ಹೆಂಗಸು. "ಯಾವಾಗ ತಂದಿರಿ? ಕಸ್ಟಮ್ಸ್ ಕಾಗದ ಇದೆಯೇ?"

ರಸೀದಿಯೊಂದಿದ್ದರೆ ಸಾಕೆಂದು ಪರ್ಕಿನ್ಸ್ ಹೇಳಿದ್ದ. ಆ ರಸೀದಿಯಲ್ಲಿ ಹೋದ ಶನಿವಾರದ ತಾರೀಖಿತ್ತು. ತೋರಿಸಿದರೆ ಪೊಲೀಸರು ಬಿಡುತ್ತಾರೆ, ಬೀಗರು ಬಿಡುವುದಿಲ್ಲ. ತೋರಿಸದಿದ್ದರೆ ಪೊಲೀಸರು ಬಿಡುವುದಿಲ್ಲ. ಅಡಿವೆಪ್ಪ ಕೊನೆಗೆ, "ಕಾಗದ ಇಲ್ಲ" ಎಂದ.

"ಹಾಗಿದ್ದರೆ ಕ್ಷಮಿಸಿ ಸರ್. ಇದನ್ನು ಪರೀಕ್ಷೆಗೆ ತೆಗೆದುಕೊಂಡು ಹೋಗಬೇಕಾಗುತ್ತದೆ. ನೀವೂ ಸ್ಟೇಷನ್ನಿಗೆ ಬಂದು ಹೇಳಿಕೆ ಕೊಡಬೇಕು."

ಅಡಿವೆಪ್ಪ ಕೋಟನ್ನು ಕೈಗೆತ್ತಿಕೊಂಡ. ಸುಳ್ಳಿನ ಸಲುವಾಗಿ ಜೈಲಿಗಾದರೂ ಹೋದೇನು, ಡಾಕ್ಟರ ಮುಂದೆ ತಲೆ ತಗ್ಗಿಸಲಾರೆ ಎಂಬ ಧೈರ್ಯ ಅವನ ಮುಖದಲ್ಲಿತ್ತು. ಮುತ್ತಜ್ಜ ನಿಜವಾಗಿ ಯುದ್ಧಕ್ಕೆ ಹೋಗಿದ್ದರೂ ಹೀಗೆ ಹೊರಟಿರಲಿಕ್ಕಿಲ್ಲ.

"ಏನ್ ಕೇಳಾಕತ್ತಾರೋ ರೋಹನ?" ಎಂದು ನೀಲವ್ವ ಅಡುಗೆಮನೆಯಿಂದ ಬಂದಳು, ಕೈಯಲ್ಲಿ ಹೋಳಿಗೆಯ ತಟ್ಟೆ.

"ಪೇಪರ್ಸ್, ಅಮ್ಮಾ. ಫಾರ್ ದ ಗನ್."

"ಅದಕ್ಕ ಯಾಕ ಸ್ಟೇಷನ್ನ? ಕಾಗದ ಇಲ್ಲೇ ಐತೆಲ್ಲ, ಪೂಜಿ ಮಾಡೀನಿ!"

ಹಿತ್ತಾಳೆ ತಟ್ಟೆಯಿಂದ, ಕಾರಿನ ಇನ್ಶೂರೆನ್ಸಿಗೂ ಬಾಯ್ಲರಿನ ಗ್ಯಾರಂಟಿಗೂ ನಡುವಿನಿಂದ, ಅರಿಶಿನ ಕುಂಕುಮ ಹಚ್ಚಿದ ಒಂದು ರಸೀದಿಯನ್ನು ಅವಳು ಎತ್ತಿದಳು. "ಬ್ಯಾಡ ನೀಲಾ" ಎಂದ ಅಡಿವೆಪ್ಪ, ಯಾರಿಗೂ ಕೇಳಿಸದಷ್ಟು ಸಣ್ಣಗೆ. ಅವಳಿಗೆ ಕೇಳಿಸಿತು. ಗಂಡನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ರಸೀದಿಯನ್ನು ಪೊಲೀಸ್ ಹೆಂಗಸಿನ ಕೈಯಲ್ಲಿಟ್ಟಳು.

ಹೆಂಗಸು ಕುಂಕುಮ ಊದಿ ಗಟ್ಟಿಯಾಗಿ ಓದಿದಳು. "ಚಕಮಕಿ ರೈಫಲ್ ಒಂದು. ಮೂರು ಬಂದೂಕುಗಳ ಭಾಗ ಜೋಡಿಸಿದ್ದು. ಅಲಂಕಾರಕ್ಕೆ ಮಾತ್ರ. ಕೊಂಡವರು ಅಡಿವೆಪ್ಪ, ಹೌನ್ಸ್ಲೋ. ಮಾರಿದ ಸಾಮಾನು ವಾಪಸಿಲ್ಲ." ತಾರೀಖನ್ನೂ ಓದಿದಳು. ಬಹಳ ಸ್ಪಷ್ಟವಾಗಿ ಓದಿದಳು. "ಎಲ್ಲ ಸರಿಯಾಗಿದೆ ಸರ್. ಇದನ್ನು ಮೊದಲೇ ತೋರಿಸಬಾರದಿತ್ತೇ?"

ಪೊಲೀಸರು ಹೊರಟರೂ ನೀಲವ್ವ ಬಿಡಲಿಲ್ಲ. ಆಯುಧ ಪೂಜೆಯ ದಿನ ಬಾಗಿಲಿಗೆ ಬಂದ ಗಾಡಿಯನ್ನು ಬರಿದೇ ಕಳಿಸುವುದುಂಟೇ? ಪೊಲೀಸ್ ಕಾರಿನ ಮೂತಿಗೆ ಕುಂಕುಮವಿಟ್ಟು, ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟು, ಕೈಸನ್ನೆಯಲ್ಲೇ ಮುಂದೆ ಬಿಡು ಎಂದಳು. ಎತ್ತರದ ಹುಡುಗ ಹೋಳಿಗೆ ತುಂಬಿದ ಬಾಯಲ್ಲಿ ನಾಲ್ಕೂ ನಿಂಬೆಹಣ್ಣನ್ನು ಶಾಸ್ತ್ರೋಕ್ತವಾಗಿ ಅಪ್ಪಚ್ಚಿ ಮಾಡಿಕೊಂಡು ಹೋದ. ಮಾರ್ಗರೆಟ್ ಎರಡು ಹೋಳಿಗೆ ಕಟ್ಟಿಸಿಕೊಂಡಳು.

ಒಳಗೆ ರೋಹನ ನೆಲ ನೋಡುತ್ತಿದ್ದ, ಪ್ರಾಚಿ ರೋಹನನನ್ನು ನೋಡುತ್ತಿದ್ದಳು. ಡಾಕ್ಟರು ರಸೀದಿಯನ್ನು ತಿರುಗಿಸಿ ಹಿಂದೆ ಮುಂದೆ ಓದಿ, ತಟ್ಟೆಯಲ್ಲಿಟ್ಟರು.

"ನಿಮ್ಮ ಮುತ್ತಜ್ಜ ನಿಜವಾಗಿ ಏನು ಮಾಡ್ತಿದ್ರು?"

ಅಡಿವೆಪ್ಪ ನಿಂತೇ ಇದ್ದ. "ಹಮಾಲಿ ರೀ. ಬೆಳಗಾಂವಿ ಪ್ಯಾಟ್ಯಾಗ ಚೀಲ ಹೊರತಿದ್ರಂತ. ಅವರ ಹೆಸರ ನನಗ ಗೊತ್ತಿಲ್ರಿ, ಯಾರೂ ಹೇಳಲಿಲ್ಲ. ನಮ್ಮ ಅಜ್ಜನೂ ಹೊತ್ತ, ಅಪ್ಪನೂ ಹೊತ್ತ. ನಾ ಹೀಥ್ರೂದಾಗ ಮಂದಿ ಬ್ಯಾಗ ಹೊರತೀನಿ. ನಿಮ್ಮ ಕೋಲ ಕೈಯಾಗ ಹಿಡಿದಾಗ ಭಾಳ ನಾಚಿಕಿ ಬಂತ್ರಿ ನನಗ. ನನ್ನ ಮಗ ಬರೇ ಕೈಲೆ ನಿಮ್ಮನಿಗೆ ಬಂದಾನ ಅನಿಸ್ತು. ತಪ್ಪಾತು. ನನ್ನ ತಪ್ಪಿಗೆ ಅವನ್ನ ಬಿಡಬ್ಯಾಡ್ರಿ."

ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಬ್ಯಾಗೇಜಲ್ಲಿದ್ದೀರಿ ಅಂತ ಪ್ರಾಚಿ ಎರಡು ವರ್ಷದ ಹಿಂದೇನೇ ಹೇಳಿದ್ಳು" ಎಂದರು ಶ್ರೀಲತಾ. "ನಮಗೆ ಗೊತ್ತಿತ್ತು. ಈ ಕೋಲಿನ ಕಥೆ ಶುರು ಮಾಡ್ಬೇಡಿ ಅಂತ ಅವತ್ತೇ ಇವರಿಗೆ ಬಡ್ಕೊಂಡೆ."

ಡಾಕ್ಟರು ಊರುಗೋಲನ್ನು ತೆಗೆದುಕೊಂಡರು. ಹೊರಟರೆಂದೇ ಎಲ್ಲರೂ ತಿಳಿದರು. ಆದರೆ ಅವರು ಬಗ್ಗಿ, ಅರಮನೆಯಿಂದ ಬಂದ ಆ ಕೋಲನ್ನು ಸೋಫಾದ ಕೆಳಗೆ ತೂರಿಸಿ, ಎರಡು ಕೈಗವಸುಗಳನ್ನು ಹೊರಗೆಳೆದರು. "ಆಗಿನಿಂದ ಕಾಲಿಗೆ ತಾಗ್ತಾ ಇವೆ" ಎಂದರು. ಧೂಳು ಕೊಡವಿದರು. ಅಂಗೈ ಕಡೆ ಸವೆದ ಜಾಗವನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದರು. "ಕುಂಕುಮ ಹಚ್ಚಿದೀರಿ, ಆರತಿ ಎತ್ತಿಲ್ವಲ್ಲಾ ನೀಲವ್ವನೋರೆ." ರೈಫಲ್ಲನ್ನು ಪಕ್ಕಕ್ಕೆ ಸರಿಸಿ, ಸಾಲಿನ ಮೊದಲಿಗೆ ಅವನ್ನಿಟ್ಟು, ಮೊದಲಿದ್ದಲ್ಲೇ ಕುಳಿತರು.

ನೀಲವ್ವ ಆರತಿ ಎತ್ತಿದಳು. ಅಡಿವೆಪ್ಪ ಕೈಮುಗಿದು ನಿಂತ. ಅವನ ಕಣ್ಣಿಗೆ ಆರತಿ ಮಸುಕಾಗಿ ಕಾಣಿಸುತ್ತಿತ್ತು.

ಅಷ್ಟರಲ್ಲಿ ಡಾಕ್ಟರ ಫೋನು ಬಡಿದುಕೊಂಡಿತು. ಶ್ರೀರಂಗ. ಗಾಜಿನ ಪೆಟ್ಟಿಗೆ ಸಿಕ್ಕಿದೆಯಂತೆ, ಅದರ ಮೇಲೆ ಏನು ಬರೆಸಬೇಕಂತೆ. ಫೋನಿನಿಂದ ಅವನ ಕೂಗು ಎಲ್ಲರಿಗೂ ಕೇಳಿಸಿತು: "ಇಂಗ್ಲಿಷರ ಕೈಯಿಂದ ಕಸಿದುಕೊಂಡದ್ದು ಅಂತ ಹಾಕಿಸಲಾ ಸರ್?"

ಅಡಿವೆಪ್ಪ ಕೈಮುಗಿದವನು ಹಾಗೆಯೇ ಡಾಕ್ಟರ ಕಡೆ ತಿರುಗಿದ.

"ಪೆಟ್ಟಿಗೆ ಬೇಡ ಶ್ರೀರಂಗ, ಬಂದೂಕು ಇಲ್ಲೇ ಇರುತ್ತೆ" ಎಂದರು ಡಾಕ್ಟರು. ಹೋಳಿಗೆಯ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. "ಆದರೆ ಇಂಗ್ಲಿಷಿನವನ ಕೈಯಿಂದಲೇ ತಗೊಂಡದ್ದು, ಅದರಲ್ಲಿ ಅನುಮಾನ ಇಲ್ಲ. ಅವನು ಐನೂರು ಪೌಂಡಿಗೆ ಪಟ್ಟು ಹಿಡಿದಿದ್ದನಂತೆ, ನಮ್ಮ ಬೀಗರು ಐವತ್ತು ಇಳಿಸಿಯೇ ಬಿಟ್ಟರು. ರಸೀದಿ ನಾನೇ ನೋಡಿದೀನಿ."